ಪಜಲ್ ಮೇಜು ಯಾರದು?

ಠಾಕುರ್ಲಿ ಕನ್ನಡಿಗರ ಈ ವಿಜ್ಞಾನ ಪ್ರದರ್ಶನದಲ್ಲಿರುವ ಎಲ್ಲದರ ಬಗ್ಗೆ ಮಾತಾಡುವಷ್ಟು ನನಗೆ ಗೊತ್ತಿಲ್ಲ. ಡೊಂಬಿವಲಿಯಲ್ಲಿ ಗಣಿತ ಕಲಿಸಿದವಳು ನಾನು, ನನ್ನದು ಒಂದೇ ತಕರಾರು.

"ಟೀಚರ್, ಇವಳಿಗೆ ಲೆಕ್ಕ ಹತ್ತುವುದಿಲ್ಲ. ಹೆಣ್ಣುಮಕ್ಕಳ ರಕ್ತದಲ್ಲೇ ಅದಿಲ್ಲ." ಇದನ್ನು ನನ್ನ ಹತ್ತಿರ ಹೇಳುತ್ತಿದ್ದವರು ತಾಯಂದಿರೇ!

ನನ್ನ ಅಜ್ಜಿ ಉಡುಪಿ ಕಡೆಯ ಗುತ್ತಿನ ಮನೆಯವರು, ಅಂದರೆ ಜಮೀನುದಾರ ಮನೆತನದವರು. ಅಳಿಯಸಂತಾನ ಕಟ್ಟು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಕುಟುಂಬದ ಹಿರಿಯ ವ್ಯಕ್ತಿ ಹೆಣ್ಣಾದರೆ ಅವಳೇ ಯಜಮಾನ್ತಿ. ಅಜ್ಜಿಗೆ ಸಹಿ ಹಾಕಲು ಬಾರದು. ಆದರೆ ಒಕ್ಕಲುಗಳು ಗೇಣಿ ಅಳೆಯಲು ಬಂದರೆ ಚಾವಡಿಯಲ್ಲಿ ಕೂತು, ಅಕ್ಕಿಯ ಮುಡಿಗೆ 42 ಸೇರಿನಂತೆ, ಹಳೆಯ ಬಾಕಿಯನ್ನೂ ಕೂಡಿಸಿ ಬಾಯಲ್ಲೇ ಮುಗಿಸುತ್ತಿದ್ದರು. ನನ್ನ ಸೋದರಮಾವ ಇನ್ನೂ ಲೆಕ್ಕದ ಪುಸ್ತಕ ತೆರೆಯುತ್ತಿರುತ್ತಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಕಟ್ಟು ಸಡಿಲಾಯಿತು, ನಾವು ಮುಂಬಯಿ ಸೇರಿದೆವು. ಅಜ್ಜಿಯ ರಕ್ತ ಎಲ್ಲಿಗೂ ಹೋಗಿಲ್ಲವಲ್ಲ?

ರಕ್ತವೋ ರೂಢಿಯೋ ಎಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಈಶಾನ್ಯ ಭಾರತದಲ್ಲಿ ಖಾಸಿ, ಕಾರ್ಬಿ ಎಂಬ ನೆರೆಹೊರೆಯ ಬುಡಕಟ್ಟುಗಳಿವೆ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ, ಕಾರ್ಬಿಗಳಲ್ಲಿ ಗಂಡುಮಕ್ಕಳಿಗೆ. ಸಂಶೋಧಕ ಮೋಶೆ ಹಾಫ್‌ಮನ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಸುಮಾರು 1,300 ಜನರ ಕೈಗೆ ನಾಲ್ಕು ತುಂಡಿನ ಪಜಲ್ ಕೊಟ್ಟು ಗಡಿಯಾರ ಹಿಡಿದು ಕೂತರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಾರ್ಬಿ ಗಂಡಸರು ತಮ್ಮ ಹೆಂಗಸರಿಗಿಂತ ಶೇ 36ರಷ್ಟು ಕಡಿಮೆ ಸಮಯದಲ್ಲಿ ಜೋಡಿಸಿದ್ದರು. ಖಾಸಿಗಳಲ್ಲಿ ಆ ಅಂತರವೇ ಇರಲಿಲ್ಲ. ಹೆಣ್ಣನ್ನು ಎಷ್ಟು ಓದಿಸಿದ್ದರು ಎಂಬುದಕ್ಕೂ ಈ ವ್ಯತ್ಯಾಸದಲ್ಲಿ ಪಾಲಿತ್ತೆನ್ನಿ.

ಜೀನಿಗೆ ಕೆಲಸವಿಲ್ಲ ಎನ್ನುತ್ತಿಲ್ಲ. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬಳಿಗೆ ಆಕೃತಿ ಥಟ್ಟನೆ ಹೊಳೆಯುತ್ತದೆ, ಅದರಲ್ಲಿ ಹುಟ್ಟಿನ ಪಾಲಿದೆ. ಆದರೆ ಆ ಜೀನಾದರೂ ರೂಢಿಯ ಕೈಗೆ ಸಿಗದೆ ಬಂದದ್ದೇ? ನಮ್ಮಲ್ಲಿ ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಮದುವೆಯಾಗಬಾರದು. ಬಳಿ ತಾಯಿಯಿಂದ ಬರುತ್ತದೆ, ಹಾಗಾಗಿ ಸೋದರಮಾವನ ಮಗಳು ಬೇರೆ ಬಳಿಯವಳು, ತರಬಹುದು. ಯಾವ ರಕ್ತಕ್ಕೆ ಯಾವುದು ಸೇರಬೇಕೆಂದು ಹೇಳಿದ್ದೂ ಕಟ್ಟೇ.

ಅಂಥದೇ ಒಂದು ಕಟ್ಟು ಇಲ್ಲೂ ಒಳಗೆ ಬರುವಾಗ ಕಣ್ಣಿಗೆ ಬಿತ್ತು. ಪಜಲ್ ಮೇಜಿಗೆ 'ಹುಡುಗರ ವಿಭಾಗ', ರಂಗೋಲಿಗೆ 'ಹುಡುಗಿಯರ ವಿಭಾಗ' ಎಂದು ಬೋರ್ಡು ಹಾಕಿದ್ದೀರಿ. ಚುಕ್ಕಿ ಎಣಿಸಿ ಗೆರೆ ಎಳೆಯುವುದು ಹುಡುಗರಿಗೂ ಒಳ್ಳೆಯ ಜ್ಯಾಮಿತಿ. ಕಾರ್ಯದರ್ಶಿಗಳೇ, ಬೇಸರ ಮಾಡಿಕೊಳ್ಳಬೇಡಿ, ಮೊದಲು ಎರಡೂ ಬೋರ್ಡು ತೆಗೆಸಿ. ಆಮೇಲೆ ಕತ್ತರಿ ಕೊಡಿ, ಟೇಪು ಕತ್ತರಿಸೋಣ.