ಶೇಷವನ್ನು ಕೇಳುವ ಚಿಹ್ನೆ

ಭಾಗಾಕಾರ ಮಾಡುವಾಗ ನಮ್ಮ ಕಣ್ಣೆಲ್ಲ ಭಾಗಲಬ್ಧದ ಮೇಲೆ. ಕೆಳಗೆ ಉಳಿದ ಶೇಷವನ್ನು ವಿಚಾರಿಸುವವರು ಕಡಿಮೆ. ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವವರು ಮಾತ್ರ ಎಷ್ಟೋ ವೇಳೆ ಶೇಷವನ್ನಷ್ಟೇ ಬಯಸುತ್ತಾರೆ. ಅದಕ್ಕೆಂದೇ ಒಂದು ಚಿಹ್ನೆಯುಂಟು. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಅದು ನಾವು ಶೇಕಡಾ ಎಂದು ಓದುವ ಗುರುತು. ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ. 17ನ್ನು 5ರಿಂದ ಭಾಗಿಸಿದರೆ ಲಬ್ಧ 3, ಶೇಷ 2. ಆ ಗುರುತು ನಮ್ಮ ಕೈಗೆ ಕೊಡುವುದು 2ನ್ನು ಮಾತ್ರ.

ಉಳಿಕೆಯ ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಕವಿರಾಜಮಾರ್ಗವನ್ನು ಕಂಡ ಅಮೋಘವರ್ಷನ ಕಾಲದಲ್ಲಿಯೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಅದರಲ್ಲೊಂದು ರಸವತ್ತಾದ ಲೆಕ್ಕವಿದೆ. ಕಾಡಿನಂಚಿನಲ್ಲಿ ಬಾಳೆಹಣ್ಣಿನ 63 ಸಮರಾಶಿಗಳು, ಮೇಲೆ 7 ಬಿಡಿ ಹಣ್ಣುಗಳು. 23 ಮಂದಿ ಪಯಣಿಗರು ಅವನ್ನು ಒಂದೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಹಾಗಾದರೆ ರಾಶಿಯೊಂದರಲ್ಲಿ ಎಷ್ಟು ಹಣ್ಣು? ಆಚಾರ್ಯನದು ಕುಟ್ಟೀಕಾರವೆಂಬ ಜಾಣ ಮಾರ್ಗ. ಯಂತ್ರಕ್ಕೆ ಜಾಣತನ ಬೇಕಿಲ್ಲ, ತಾಳ್ಮೆಯೊಂದಿದ್ದರೆ ಸಾಕು. ರಾಶಿಗೆ ಒಂದು ಹಣ್ಣೆನ್ನಿ: ಒಟ್ಟು 70, ಶೇಷ 1. ಎರಡೆನ್ನಿ, ಶೇಷ 18. ಮೂರಕ್ಕೆ 12, ನಾಲ್ಕಕ್ಕೆ 6. ಐದಕ್ಕೆ ಒಟ್ಟು 322, ಶೇಷ ಸೊನ್ನೆ. ತಲೆಗೆ 14 ಹಣ್ಣು! ಆ ಚಿಹ್ನೆಯನ್ನು ಐದು ಸಲ ಬಳಸಿದ್ದಾಯಿತು, ಅಷ್ಟೆ.

ತೊಡಕು ಬರುವುದು ಸೊನ್ನೆಯಿಂದ ಕೆಳಗಿಳಿದಾಗ. ಭಾನುವಾರವನ್ನು 0 ಎಂದು, ಶನಿವಾರವನ್ನು 6 ಎಂದು ಎಣಿಸೋಣ. ಇಂದು ಬುಧವಾರ, ಅಂದರೆ 3. ನೂರು ದಿನ ಕಳೆದರೆ ಯಾವ ವಾರ? 103ನ್ನು 7ರಿಂದ ಭಾಗಿಸಿ. ಉಳಿದದ್ದು 5, ಶುಕ್ರವಾರ. ಒಂಬತ್ತು ದಿನ ಹಿಂದಕ್ಕೆ ಹೋದರೆ? ಮೂರರಲ್ಲಿ ಒಂಬತ್ತು ಕಳೆದರೆ ಋಣ 6. ಇದನ್ನು 7ರಿಂದ ಭಾಗಿಸಿದಾಗ ಸಿ ಭಾಷೆ ಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತದೆ: ಲಬ್ಧ 0, ಶೇಷ ಋಣ 6. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯಾದರೋ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ: ಲಬ್ಧ ಋಣ 1, ಶೇಷ 1, ಅಂದರೆ ಸೋಮವಾರ. ಭಾಜಕವನ್ನು ಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿದರೆ ಎರಡರಲ್ಲಿಯೂ ಭಾಜ್ಯ ಸರಿಯಾಗಿ ಬರುತ್ತದೆ. ಆದ್ದರಿಂದ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಋಣ 6ನೆಯ ವಾರ ಯಾವ ಪಂಚಾಂಗದಲ್ಲಿದೆ? ವಾರಗಳ ಹೆಸರಿನ ಪಟ್ಟಿಯಲ್ಲಿ ಆ ಸ್ಥಾನವನ್ನು ಹುಡುಕಿದ ಸಿ ಕ್ರಮವಿಧಿ ಪಟ್ಟಿಯ ಆಚೆಗಿನ ಯಾವುದೋ ಸ್ಮೃತಿಕೋಶಕ್ಕೆ ಕೈಹಾಕೀತು. ನನ್ನ ಒಲವು ಪೈಥಾನಿನ ಕಡೆಗೇ.

1989ರ ನಿಯಮಾವಳಿ ಸಿ ಭಾಷೆಯಲ್ಲಿ ಈ ನಿರ್ಣಯವನ್ನು ಆಯಾ ಯಂತ್ರಕ್ಕೆ ಬಿಟ್ಟಿತ್ತು. 1999ರದು ಸೊನ್ನೆಯ ಕಡೆಗೆಂದು ಖಚಿತಗೊಳಿಸಿತು. ಬಳಸುವವರು ಬಂದ ಶೇಷಕ್ಕೆ ಏಳನ್ನು ಕೂಡಿ, ಮತ್ತೊಮ್ಮೆ ಶೇಷ ತೆಗೆಯುತ್ತಾರೆ: ಋಣ 6ಕ್ಕೆ 7 ಕೂಡಿದರೆ 1. ಬೆಸಸಂಖ್ಯೆಯ ಪರೀಕ್ಷೆಯಲ್ಲಿಯೂ ಇದೇ ಎಚ್ಚರ ಬೇಕು. ಎರಡರಿಂದ ಭಾಗಿಸಿದಾಗ ಉಳಿದದ್ದು ಒಂದೇ ಎಂದು ಕೇಳಿದರೆ, ಸಿ ಭಾಷೆಯಲ್ಲಿ ಋಣ 3 ಬೆಸವಲ್ಲವೆಂದಾಗುತ್ತದೆ. ಅಲ್ಲಿ ಶೇಷ ಋಣ 1. ಉಳಿದದ್ದು ಸೊನ್ನೆಯಲ್ಲವೆ ಎಂದು ಕೇಳಬೇಕು.