ದನ ಹೆಚ್ಚಿದ್ದಲ್ಲಿ ಮಂಗನ ಕಾಯಿಲೆ ಹೆಚ್ಚೇ? ಕ್ಯಾಸನೂರಿನಿಂದ ರಿಗ್ರೆಷನ್ ಕಲಿಯೋಣ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಎಂ.ಕಾಂ, ಎಂಬಿಎ ಕೊನೆಯ ಸೆಮಿಸ್ಟರ್‌ನಲ್ಲಿ ಇರೋರಿಗಾಗಿ ಈ ಸಂಚಿಕೆ. ಪ್ರಾಜೆಕ್ಟ್ ರಿಪೋರ್ಟ್‌ನ ಡೇಟಾ ಅನಾಲಿಸಿಸ್ ಅಧ್ಯಾಯಕ್ಕೆ ಬಂದಾಗ ಗೈಡ್ ಒಂದು ಮಾತು ಹೇಳಿಯೇ ಹೇಳ್ತಾರೆ: "ಒಂದು ರಿಗ್ರೆಷನ್ ಹಾಕಿ." ನಾವು ಎಕ್ಸೆಲ್‌ನಲ್ಲೋ ಎಸ್‌ಪಿಎಸ್‌ಎಸ್‌ನಲ್ಲೋ ನಾಲ್ಕು ಕ್ಲಿಕ್ ಮಾಡ್ತೀವಿ, ಟೇಬಲ್ ಬರುತ್ತೆ. ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇದ್ರೆ "ಪರಿಣಾಮ ಇದೆ" ಅಂತ ಬರೆದು ಮುಂದಿನ ಅಧ್ಯಾಯಕ್ಕೆ ಹೋಗ್ತೀವಿ. ಆ "ಪರಿಣಾಮ ಇದೆ" ಅನ್ನೋ ಮಾತು ಎಷ್ಟು ಭಾರದ್ದು ಅಂತ ಇವತ್ತು ನೋಡೋಣ.

ಉದಾಹರಣೆಗೆ ಕಂಪನಿ ಬೇಡ, ಕ್ಯಾಸನೂರಿಗೆ ಹೋಗೋಣ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಊರು. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸಾಯ್ತಾ ಇದ್ವು, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜೋರು ಜ್ವರ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಬಂದ್ರು. ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನ ಕೊಲ್ಲೋ ಹಳದಿ ಜ್ವರ ಇಲ್ಲಿಗೂ ಬಂತಾ ಅನ್ನೋದು ಮೊದಲ ಅನುಮಾನ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಬೇರೆಯದೇ ವೈರಸ್, ಅದನ್ನ ಹರಡೋದು ಕಾಡಿನ ಉಣ್ಣೆ. ಊರಿನ ಹೆಸರೇ ರೋಗಕ್ಕೂ ಅಂಟಿಕೊಳ್ತು: ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ. ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು ಮೂರರಿಂದ ಐದು ಜನ ಸಾಯ್ತಾರೆ.

ಇದಕ್ಕೂ ಕಾಮರ್ಸ್‌ಗೂ ಏನು ಸಂಬಂಧ ಅಂತೀರಾ? ಯಾವ ಹಳ್ಳಿಗೆ ಅಪಾಯ ಜಾಸ್ತಿ, ಯಾಕೆ ಅಂತ ಕಂಡುಹಿಡಿಯೋದು ಮತ್ತು ಯಾವ ಅಂಗಡಿಯಲ್ಲಿ ಸೇಲ್ಸ್ ಜಾಸ್ತಿ, ಯಾಕೆ ಅಂತ ಕಂಡುಹಿಡಿಯೋದು, ಎರಡೂ ಒಂದೇ ಲೆಕ್ಕ. ವಿವರಿಸಬೇಕಾದ್ದು ವೈ. ವಿವರಿಸೋಕೆ ಬಳಸೋದು ಎಕ್ಸ್. ಎಕ್ಸ್ ಒಂದು ಘಟಕ ಜಾಸ್ತಿ ಇದ್ದಲ್ಲಿ ವೈ ಸರಾಸರಿ ಎಷ್ಟು ಬೇರೆ ಇರುತ್ತೆ ಅಂತ ಹೇಳೋ ಸಂಖ್ಯೆಯೇ ಕೋಎಫಿಷಿಯೆಂಟ್.

ಈಗ ಫೋನಲ್ಲಿ ಶೀಟ್ ತೆರೆಯಿರಿ, ಒಂದು ಆಟ ಆಡೋಣ. ಈ ಸಂಖ್ಯೆಗಳು ಪಾಠಕ್ಕಂತ ನಾನೇ ಕಟ್ಟಿದ್ದು, ನಿಜವಾದ ಹಳ್ಳಿಗಳದ್ದಲ್ಲ. ಒಟ್ಟು 20 ಹಳ್ಳಿ. 10 ಕಾಡಿನ ಅಂಚಲ್ಲಿ, 10 ಕಾಡಿಂದ ದೂರ. ಅಂಚಿನ ಹಳ್ಳಿಗಳಲ್ಲಿ ಐದಕ್ಕೆ ತಲಾ 300 ದನ, ಇನ್ನೈದಕ್ಕೆ ತಲಾ 500. ದೂರದವುಗಳಲ್ಲಿ ಐದಕ್ಕೆ ತಲಾ 100, ಇನ್ನೈದಕ್ಕೆ ತಲಾ 300. ಅಂಚಿನ ಪ್ರತಿ ಹಳ್ಳಿಯಲ್ಲೂ 8 ಕೇಸ್, ದೂರದ ಪ್ರತಿ ಹಳ್ಳಿಯಲ್ಲೂ 2 ಕೇಸ್.

ವೈ ಕಾಲಮ್‌ಗೆ ಕೇಸ್, ಎಕ್ಸ್ ಕಾಲಮ್‌ಗೆ ದನ ಹಾಕಿ ರಿಗ್ರೆಷನ್ ಒತ್ತಿ. ಉತ್ತರ: ನೂರು ದನ ಜಾಸ್ತಿ ಇದ್ದಲ್ಲಿ ಒಂದೂವರೆ ಕೇಸ್ ಜಾಸ್ತಿ. ಆರ್-ಸ್ಕ್ವೇರ್ಡ್ 0.50. ಪಿ-ವ್ಯಾಲ್ಯೂ 0.001ಕ್ಕಿಂತ ಕಡಿಮೆ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಇಷ್ಟು ಬಂದ್ರೆ ಸ್ವೀಟ್ ಹಂಚ್ತಾರೆ. "ದನಗಳಿಂದ ಮಂಗನ ಕಾಯಿಲೆ ಹೆಚ್ಚುತ್ತದೆ" ಅಂತ ತೀರ್ಮಾನ ಬರೆದು ಬೈಂಡಿಂಗ್‌ಗೆ ಕೊಡ್ತಾರೆ.

ಇನ್ನೊಂದು ಕಾಲಮ್ ಸೇರಿಸಿ. ಕಾಡಿನ ಅಂಚಿಗೆ 1, ದೂರಕ್ಕೆ 0. ಇದನ್ನ ಡಮ್ಮಿ ವೇರಿಯಬಲ್ ಅಂತೀವಿ. ಮತ್ತೆ ಒತ್ತಿ. ಕಾಡಿನ ಕೋಎಫಿಷಿಯೆಂಟ್ 6 ಬಂತು, ದನದ್ದು ಸೊನ್ನೆ. ಯಾಕೆ? 300 ದನ ಇರೋ ಅಂಚಿನ ಹಳ್ಳೀಲೂ 8 ಕೇಸ್, 500 ಇರೋದರಲ್ಲೂ 8. ದನಕ್ಕೂ ಕೇಸ್‌ಗೂ ಇದ್ದ ನಂಟು ಪೂರ್ತಿ ಕಾಡಿನ ಮೂಲಕ ಬಂದಿತ್ತು. ಈ ಮರೆತ ವೇರಿಯಬಲ್‌ನ ಬಗ್ಗೆ ಆ ಪಿ-ವ್ಯಾಲ್ಯೂ ನಮಗೆ ಒಂದು ಸುಳಿವೂ ಕೊಡಲಿಲ್ಲ ನೋಡಿ. ಅದು ಹೇಳೋದು ಇಷ್ಟೇ: ನಿಜಕ್ಕೂ ನಂಟೇ ಇಲ್ಲದಿದ್ರೆ, ಬರೀ ಆಕಸ್ಮಿಕವಾಗಿ ಇಂಥ ನಂಟು ಕಾಣೋದು ಅಪರೂಪ. ನಂಟು ಎಲ್ಲಿಂದ ಬಂತು ಅನ್ನೋದು ನಿಮ್ಮ ಕೆಲಸ.

ಈಗ ಇದನ್ನೇ ಬಿಸಿನೆಸ್‌ಗೆ ತನ್ನಿ. ಕಾಡಿನ ಜಾಗದಲ್ಲಿ ದೀಪಾವಳಿ ಇಡಿ, ದನದ ಜಾಗದಲ್ಲಿ ಜಾಹೀರಾತಿನ ಖರ್ಚು ಇಡಿ. ಬಟ್ಟೆ ಅಂಗಡಿಯವರು ಜಾಹೀರಾತು ಜಾಸ್ತಿ ಕೊಡೋದೇ ಹಬ್ಬದ ತಿಂಗಳಲ್ಲಿ. ಸೇಲ್ಸ್ ಏರೋದೂ ಆವಾಗಲೇ. ಹಬ್ಬದ ಕಾಲಮ್ ಇಲ್ಲದ ರಿಗ್ರೆಷನ್, ಹಬ್ಬದ ವ್ಯಾಪಾರವನ್ನೆಲ್ಲ ಜಾಹೀರಾತಿನ ಖಾತೆಗೆ ಜಮಾ ಮಾಡಿಬಿಡುತ್ತೆ.

ಸರಿ, ನಿಜವಾದ ಡೇಟಾ ಏನು ಹೇಳುತ್ತೆ? ಬ್ರಿಟನ್ ಮತ್ತು ಭಾರತದ ಸಂಶೋಧಕರು ಸೇರಿ ಮಂಗನ ಕಾಯಿಲೆಯ ಅಪಾಯದ ನಕ್ಷೆ ಮಾಡಿದ್ದಾರೆ. 2020ರಲ್ಲಿ ಪ್ಲೋಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಪತ್ರಿಕೆಯಲ್ಲಿ ಬಂತು. ನಮ್ಮ ಕ್ಲಾಸಿನ ರಿಗ್ರೆಷನ್‌ನ ಮುಂದುವರಿದ ರೂಪ ಅದು. ಅದರಲ್ಲಿ ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಬೆರೆತಿರೋ ಜಾಗಗಳಲ್ಲಿ, ನಾಟಿ ದನ ಹೆಚ್ಚಿರೋ ಕಡೆ ಅಪಾಯ ಜಾಸ್ತಿ ಅಂತ ಕಂಡಿತು. ಗಮನಿಸಿ: ನನ್ನ ಆಟದ ಡೇಟಾದಲ್ಲಿ ಕಾಡು ಸೇರಿಸಿದ ತಕ್ಷಣ ದನ ಮಾಯ ಆಯ್ತು. ಇಲ್ಲಿ ಕಾಡು, ತೋಟ ಎಲ್ಲ ಇದ್ದೂ ದನ ಉಳೀತು. ಅದಕ್ಕೇ ಮೊದಲೇ ತೀರ್ಮಾನ ಇಟ್ಕೊಂಡು ಕೂರಬಾರದು, ಹಾಕಿ ನೋಡಬೇಕು.

ಆದ್ರೂ "ದನ ಸಾಕಬೇಡಿ" ಅಂತ ಹೇಳೋಕೆ ಬರಲ್ಲ. ದೊಡ್ಡ ಉಣ್ಣೆಗಳು ದನದ ರಕ್ತ ಕುಡಿದು ಸಂಖ್ಯೆ ಹೆಚ್ಚಿಸಿಕೊಳ್ತವೆ, ಇದು ಒಂದು ದಾರಿ. ದನ ಮೇಯಿಸೋಕೆ ಜನ ಕಾಡಿಗೆ ಹೋಗ್ತಾರೆ, ಅಲ್ಲಿ ಉಣ್ಣೆ ಕಚ್ಚುತ್ತೆ, ಇದು ಇನ್ನೊಂದು ದಾರಿ. ದನ ಇರೋ ಮನೆಯವರೇ ಕೊಟ್ಟಿಗೆಗೆ ಸೊಪ್ಪು, ದರಕು ತರೋಕೆ ಬೆಟ್ಟಕ್ಕೆ ಹೋಗ್ತಾರೆ, ಇದು ಮೂರನೆಯದು. ಮೂರೂ ಸೇರಿ ಕೋಎಫಿಷಿಯೆಂಟ್‌ನಲ್ಲಿ ಕಾಣೋದು ಒಂದೇ ಸಂಖ್ಯೆ. ಆದರೆ ಪರಿಹಾರ ಬೇರೆ ಬೇರೆ: ಒಂದಕ್ಕೆ ದನದ ಮೈಯ ಉಣ್ಣೆಗೆ ಔಷಧಿ, ಇನ್ನೊಂದಕ್ಕೆ ಕಾಡಿಗೆ ಹೋಗೋರ ಕೈಕಾಲಿಗೆ ಹಚ್ಚೋ ಡೇಪಾ ಎಣ್ಣೆ. ಮಲೆನಾಡಿನ ಮನೆಗೆ ದನ ಅಂದ್ರೆ ಹಾಲು, ಅಡಿಕೆ ತೋಟಕ್ಕೆ ಗೊಬ್ಬರ. ಟೇಬಲ್‌ನ ಒಂದು ಸಾಲು ನೋಡಿ ಅದನ್ನ ಬಿಡಿ ಅನ್ನೋದು ಸಂಶೋಧನೆ ಅಲ್ಲ.

ಇನ್ನು ಮೂರು ವಿಷಯ ಬೇಗ ಹೇಳ್ತೀನಿ.

ಒಂದು, ಸೊನ್ನೆಯನ್ನ ನಂಬೋ ಮೊದಲು ಕೇಳಿ. ಒಂದು ಹಳ್ಳಿಯಲ್ಲಿ "0 ಕೇಸ್" ಅಂದ್ರೆ ಕಾಯಿಲೆ ಇಲ್ಲ ಅಂತಾನಾ, ರಕ್ತದ ಸ್ಯಾಂಪಲ್ ಯಾರೂ ತೆಗೀಲಿಲ್ಲ ಅಂತಾನಾ? ಲಸಿಕೆ ಕೊಡ್ತಿದ್ದ ಕಾಲದಲ್ಲಿ ಕಾಯಿಲೆ ಪತ್ತೆಯಾದ ಜಾಗದ ಸುತ್ತ ಐದು ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ಕೊಡೋದು ಕ್ರಮ ಆಗಿತ್ತು. ಅಂದ್ರೆ ಪತ್ತೆಯೇ ಆಗದ ಕಡೆ ಲಸಿಕೆಯೂ ಬರ್ತಿರಲಿಲ್ಲ. ನಿಮ್ಮ ಗೂಗಲ್ ಫಾರ್ಮ್ ಸರ್ವೆಯೂ ಹಾಗೇ. ಫಾರ್ಮ್ ತುಂಬಿದವರೆಲ್ಲ ನಿಮ್ಮ ವಾಟ್ಸಾಪ್ ಗ್ರೂಪಿನವರೇ ಆದ್ರೆ, ಸೊರಬದ ಸಂತೆಗೆ ಬರೋ ಗಿರಾಕಿ ನಿಮ್ಮ ಡೇಟಾದಲ್ಲಿ ಇಲ್ಲ.

ಎರಡು, ಕೇಸ್, ದೂರು, ಬೌನ್ಸ್ ಆದ ಚೆಕ್, ಇವೆಲ್ಲ ಎಣಿಕೆ. ಸೊನ್ನೆಗಿಂತ ಕೆಳಗೆ ಹೋಗಲ್ಲ. ಸಾದಾ ನೇರ ಗೆರೆ "ಮೈನಸ್ 2 ದೂರು" ಅಂತಲೂ ಹೇಳಬಹುದು. ಇಂಥದ್ದಕ್ಕೆ ಪಾಯ್ಸಾನ್ ರಿಗ್ರೆಷನ್ ಇದೆ. 300 ಜನರ ಹಳ್ಳಿಯನ್ನೂ 3,000 ಜನರ ಹಳ್ಳಿಯನ್ನೂ ಹೋಲಿಸುವಾಗ ಜನಸಂಖ್ಯೆಯನ್ನ ಲೆಕ್ಕಕ್ಕೆ ತಗೊಳ್ಳೋದನ್ನ ಮರೀಬೇಡಿ. ಆರ್, ಜಮೋವಿ ಎರಡೂ ಉಚಿತ.

ಮೂರು, ಗೆರೆಯನ್ನ ಡೇಟಾ ಇರೋ ಆಚೆಗೆ ಎಳೀಬೇಡಿ. ಬಹಳ ವರ್ಷ ಈ ಕಾಯಿಲೆ ಶಿವಮೊಗ್ಗ ಮತ್ತು ಅಕ್ಕಪಕ್ಕದ ಕೆಲವು ಜಿಲ್ಲೆಗಳದ್ದು ಅಂತಲೇ ಎಣಿಕೆ ಇತ್ತು. 2012ರ ನಂತರ ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಳ್ತು. ಸೊರಬದ ಕಾಡಿಗೆ ಕಟ್ಟಿದ ಮಾಡೆಲ್ ಬಂಡೀಪುರಕ್ಕೂ ಹೊಂದುತ್ತೆ ಅಂತ ಪರೀಕ್ಷಿಸದೆ ಹೇಳೋಕಾಗಲ್ಲ. ಶಿಕಾರಿಪುರದ ನೂರು ಗಿರಾಕಿಗಳನ್ನ ಕೇಳಿ "ಭಾರತೀಯ ಗ್ರಾಹಕರು" ಅಂತ ಬರೆಯೋದೂ ಇದೇ ಕಥೆ.

ಹಾಗಾದ್ರೆ ವರದಿಯಲ್ಲಿ ಏನು ಬರೀಬೇಕು? "ಜಾಹೀರಾತು ಮಾರಾಟವನ್ನು ಹೆಚ್ಚಿಸುತ್ತದೆ" ಅಂತ ಅಲ್ಲ. "ಹಬ್ಬದ ತಿಂಗಳು ಮತ್ತು ಅಂಗಡಿಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಜಾಹೀರಾತು ಖರ್ಚು ಹೆಚ್ಚಿರುವ ಅಂಗಡಿಗಳಲ್ಲಿ ಮಾರಾಟ ಸರಾಸರಿ ಇಷ್ಟು ಹೆಚ್ಚಿದೆ." ವಾಕ್ಯ ಉದ್ದ ಆಯ್ತು, ನಿಜ. ವೈವಾದಲ್ಲಿ ಪ್ರಶ್ನೆ ಬಂದಾಗ ನಿಮ್ಮ ಪರ ನಿಲ್ಲೋದು ಈ ವಾಕ್ಯವೇ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಟೇಬಲ್ ಪಕ್ಕಕ್ಕಿಟ್ಟು, ಎಕ್ಸ್ ಮತ್ತು ವೈ ಎರಡನ್ನೂ ಅಲ್ಲಾಡಿಸಬಲ್ಲ ಮೂರು ಸಂಗತಿಗಳನ್ನ ಕಾಗದದ ಮೇಲೆ ಬರೀರಿ. ಅವುಗಳಲ್ಲಿ ಎಷ್ಟು ನಿಮ್ಮ ಶೀಟ್‌ನಲ್ಲಿ ಇವೆ, ಎಣಿಸಿ. ಇಲ್ಲದ್ದನ್ನ ಈಗ ಸೇರಿಸೋಕೆ ಆಗದಿದ್ರೆ, ಮಿತಿಗಳು ಅನ್ನೋ ಭಾಗದಲ್ಲಿ ಹೆಸರು ಹಿಡಿದು ಬರೀರಿ. ಮುಂದಿನ ಸಂಚಿಕೆಯಲ್ಲಿ ಎರಡು ಎಕ್ಸ್‌ಗಳೇ ಒಂದಕ್ಕೊಂದು ಅಂಟಿಕೊಂಡಿದ್ರೆ ಏನು ಮಾಡೋದು ಅಂತ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.