ವಿಪತ್ತಿಗೆ ಮೊದಲೇ ದಾಸೋಹ

(ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸ)

ನಾನು ಭಾಷಣಕಾರನಲ್ಲ. ಕೆರೆ, ಕಾಲುವೆಗಳ ಕೆಲಸ ಮಾಡಿ ನಿವೃತ್ತನಾದ ಸರ್ಕಾರಿ ಎಂಜಿನಿಯರ್. ಕಂಡದ್ದನ್ನು ಹೇಳುತ್ತೇನೆ.

ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಬರ. ಬರಕ್ಕೆ ನಮ್ಮ ಬಡವರೂ ಒಂದಿಷ್ಟು ಸಿದ್ಧರು. ಶೇಂಗಾ ಹೊಟ್ಟು ಕೂಡಿಡುತ್ತಾರೆ, ದನ ಗೋಶಾಲೆಗೆ ಹೊಡೆಯುತ್ತಾರೆ, ಗುಳೆ ಹೋಗುತ್ತಾರೆ. ನೀರು ನುಗ್ಗಿದರೆ ಏನು ಮಾಡಬೇಕೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ನಾವು ಕೋಡಿ ನೋಡಿ ಕೈಮುಗಿದು ಬಂದೆವು. ಆ ನೀರು ವೇದಾವತಿಯಲ್ಲಿ ಹಿರಿಯೂರು ದಾಟಿ ನಮ್ಮ ತಾಲ್ಲೂಕಿಗೇ ಬರುತ್ತದೆ ಎಂದು ದಂಡೆಯ ಗುಡಿಸಲಿನವರಿಗೆ ಹೇಳಿದವರು ಎಷ್ಟು ಜನ?

ಮಣ್ಣಿನ ಮಾಳಿಗೆ ಮನೆ ಮಳೆ ಸುರಿಯುವಾಗಲೇ ಬೀಳಬೇಕೆಂದಿಲ್ಲ. ಮೇಲ್ಮುದ್ದೆ ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಮಳೆ ನಿಂತಿತೆಂದು ಒಳಗೆ ಮಲಗಿದವರ ಮೇಲೆ ಬೀಳುತ್ತದೆ. ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಮಗ್ಗ ಇರುವುದೇ ಗುಂಡಿಯಲ್ಲಿ. ಹೊರಗೆ ಪ್ರವಾಹವೇ ಬೇಕಿಲ್ಲ, ನೆಲದಿಂದ ಒಸರಿದ ನೀರೇ ಸಾಕು, ರೇಷ್ಮೆಯೂ ಹೋಯಿತು, ಕೂಲಿಯೂ ಹೋಯಿತು. ಜೇಡರ ದಾಸಿಮಯ್ಯನವರೂ ನೇಕಾರರೇ. ಕಾಯಕ ನಿಂತ ಮನೆಯಲ್ಲಿ ದಾಸೋಹ ಎಲ್ಲಿಂದ ಬರಬೇಕು?

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಸೇವೆಯಲ್ಲಿದ್ದಾಗ ಒಮ್ಮೆ ಕೆರೆ ಏರಿ ಜಿನುಗುತ್ತಿತ್ತು. ಊರಿಗೆ ಸುದ್ದಿ ಮುಟ್ಟಿಸಿದೆ, ಡಂಗುರ ಹೊಡೆಸಿದೆ, ವರದಿಯಲ್ಲಿ ಬರೆದೆ. ಬೆಳಿಗ್ಗೆ ಹೋದರೆ ಕೊನೆಯ ಓಣಿಯ ಅಜ್ಜಿಯೊಬ್ಬರು ಮೊಣಕಾಲು ನೀರಲ್ಲಿ ಒಲೆಕಟ್ಟೆಯ ಮೇಲೆ ಕೂತಿದ್ದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. "ಎಲ್ರೂ ಎಲ್ಲಿಗೆ ಹೋದ್ರಪ್ಪಾ?" ಎಂದು ನನ್ನನ್ನೇ ಕೇಳಿದರು. ಅವರು ಬದುಕಿದರು. ನನ್ನ ವರದಿ ಮಾತ್ರ ಸುಳ್ಳಾಯಿತು.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಪ್ರತಿ ಓಣಿಯಲ್ಲಿ ಒಂಟಿ ಮುದುಕರು, ಹಾಸಿಗೆ ಹಿಡಿದವರು, ಬಸುರಿ ಬಾಣಂತಿಯರು, ಕಣ್ಣು ಕಿವಿ ಇಲ್ಲದವರು ಯಾರೆಂದು ಬರೆದಿಡಿ. ಒಬ್ಬೊಬ್ಬರಿಗೂ ಒಬ್ಬ ಹುಡುಗನ ಹೆಸರು ಹಚ್ಚಿ. ಜಾತಿ ನೋಡಬೇಡಿ, ನೀರು ಅದನ್ನು ನೋಡುವುದಿಲ್ಲ. ಪಹಣಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿಸಿ. ಕಾಗದ ನೆನೆದುಹೋದವರು ಪರಿಹಾರಕ್ಕೆ ತಿಂಗಳುಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ತುರ್ತಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಈ ಎರಡು ನಂಬರು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಮಠದ ಪ್ರಸಾದ ನಿಲಯದ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತಿರಲಿ.

ಮನೆ ಬಿದ್ದ ಮೇಲೆ ಅನ್ನ ಕೊಡುವುದು ದಾಸೋಹವೇ, ಸಂದೇಹವಿಲ್ಲ. ಬೀಳುವ ಮೊದಲೇ ಬಾಗಿಲು ತಟ್ಟುವುದು ಅದಕ್ಕಿಂತ ದೊಡ್ಡ ದಾಸೋಹ. ಅದಕ್ಕೆ ದುಡ್ಡು ಬೇಡ, ಕಾಲು ಸವೆಸಬೇಕು. ಮುಂಗಾರಿಗೆ ಮೊದಲು ಶುರು ಮಾಡೋಣ.